ಅಮ್ಮನ ಅರ್ಧ ಮುಖ

ಚಿತ್ರಕಲೆಯ ಬಗ್ಗೆ ಅರೆಬರೆ ತಿಳಿದ ನಾನು ಇದನ್ನು ಹೇಳಹೊರಟಿದ್ದೇ ಹೆಚ್ಚು, ತಪ್ಪಿದ್ದರೆ ಕ್ಷಮಿಸಿ.

“ಯಾಕೋ ಯಾನ್‌ಚೂ, ನನ್ನ ಅರ್ಧ ಮುಖಕ್ಕೆ ಮಸಿ ಬಳಿದಿದ್ದೀಯಲ್ಲೋ!” ಹಾಸಿಗೆ ಹಿಡಿದಿದ್ದ ತಾಯಿ ಕಾಗದವನ್ನು ತಳ್ಳಿದಳು. ಅವಳು ಸತ್ತ ಮೇಲೆ ಪ್ರತಿ ಹೊಸ ವರ್ಷ ಮನೆಯವರು ಅಡ್ಡಬೀಳಬೇಕಾದ ಚಿತ್ರ ಅದು. ಪ್ಯಾರಿಸ್‌ನಲ್ಲಿ ಕಲಿತು ಚೀನಾದ ತನ್ನೂರು ವೂಶಿಗೆ ಮರಳಿದ್ದ ಮಗ ಅದನ್ನು ನಮ್ಮ ಚೀನೀ ಮಸಿಯಲ್ಲೇ ಬರೆದಿದ್ದ. ಕಿಟಕಿಯ ಬೆಳಕು ಬೀಳದ ಕೆನ್ನೆಗೆ ಮಾತ್ರ ಪ್ಯಾರಿಸ್‌ನವರಂತೆ ನೆರಳು ಕೊಟ್ಟಿದ್ದ.

“ಅದು ನೆರಳಮ್ಮ.”

“ಪ್ಯಾರಿಸ್‌ನಲ್ಲಿ ಒಂದೇ ಕೆನ್ನೆ ತೊಳೀತಾರೇನೋ ಅತ್ತೆ,” ಎಂದು ಕಿರಿಸೊಸೆ ಸೂಯಿಂಗ್ ನಕ್ಕಳು. ಸತ್ತವರ ಚಿತ್ರ ಬರೆಯುವ ಅಂಗಡಿಯಿಂದ ಅವಳು ಮಾದರಿ ಪುಸ್ತಕ ತಂದಿದ್ದಳು. ಅದರಲ್ಲಿ ಕಣ್ಣು, ಮೂಗು, ಬಾಯಿ ಆರಿಸಿಕೊಟ್ಟರೆ ಅಂಗಡಿಯವರು ಜೋಡಿಸಿ ಮುಖ ಮಾಡುತ್ತಿದ್ದರು. ತಾಯಿ ಹಾಳೆ ತಿರುವಿ ಒಂದು ಮೂಗಿನ ಮೇಲೆ ಬೆರಳಿಟ್ಟಳು.

“ಅದು ನಿನ್ನ ಮೂಗಲ್ಲಮ್ಮ! ಮೊಮ್ಮಕ್ಕಳು ಇನ್ಯಾರಿಗೋ ಅಡ್ಡಬೀಳಬೇಕಾ?”

“ಇರಲಿ ಬಿಡೋ, ನೆಟ್ಟಗಿದೆ. ನಿನ್ನ ಚಿತ್ರ ಹಾಕಿದ್ರೆ, ಈ ಮುದುಕಿ ಏನು ಪಾಪ ಮಾಡಿದ್ಲೋ ಅಂತಾರೆ. ಇದನ್ನೂ ನೀನೇ ಬರಿ. ಅಂಗಡಿಯವನಿಗಿಂತ ನಿನ್ನ ಕೈ ಚೆನ್ನ.”

ಅಷ್ಟು ಮಾತಿಗೇ ಅವಳಿಗೆ ಏದುಸಿರು ಬಂದಿತ್ತು. ಯಾನ್‌ಚೂ ಕುಂಚ ಎತ್ತಿಕೊಂಡ. ತಾಯಿ ಎದುರಿಗೇ ಇದ್ದರೂ ಅವಳತ್ತ ನೋಡದೆ, ಪುಸ್ತಕ ನೋಡಿಕೊಂಡು ಬರೆದ. ಚಪ್ಪಟೆಯಾದ, ಬೆಳ್ಳನೆಯ, ಯಾರದೂ ಅಲ್ಲದ ಮುಖ.

“ನೋಡು, ಈಗ ನಾನು ನಾನಾದೆ,” ಎಂದು ಅವಳು ಅದರ ಕೆನ್ನೆ ಸವರಿದಳು.

ಮುಂದೆ ಅವನು ಬೆಟ್ಟ, ದೋಣಿ, ಕೊಕ್ಕರೆಗಳನ್ನು ಬರೆದು ಹೆಸರಾದ. ಮನುಷ್ಯರ ಮುಖ ಮಾತ್ರ ಮತ್ತೆ ಬರೆಯಲಿಲ್ಲ. ಕೋಪಕ್ಕೋ, ನಾಚಿಕೆಗೋ, ನನಗೆ ಗೊತ್ತಿಲ್ಲ.