ಹಾಯಿಯ ಬಿಳಿ

ಅಕ್ಕನ ಕೈಯಿಂದ ನೀರಿನ ಲೋಟ ಜಾರಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದಳು, ಮಣಿಕಟ್ಟು ಜೋತುಬಿದ್ದೇ ಇತ್ತು, ಮೇಲೇಳಲಿಲ್ಲ. "ಹಟಮಾರಿ ಕೈ, ಹೇಳಿದ ಮಾತು ಕೇಳೋದಿಲ್ಲ" ಎಂದು ನಕ್ಕಳು. ಚಿತ್ರಕಾರ ತಮ್ಮ ನಗಲಿಲ್ಲ. ಹೋಗಿ ಡಾಕ್ಟರನ್ನು ಕರೆತಂದ.

ಡಾಕ್ಟರು ಅವಳ ತುಟಿ ಸರಿಸಿ, ಒಸಡಿನ ಅಂಚಿಗೆ ಮೂಡಿದ್ದ ನೀಲಿ ಗೆರೆಯನ್ನು ನೋಡಿದರು. "ಏನು ಕೆಲಸ ಮಾಡ್ತೀರಮ್ಮಾ?"

"ಕೆಲಸ ಅಂತ ಏನೂ ಇಲ್ಲಪ್ಪ. ಇವನಿಗೆ ಬಣ್ಣ ಅರೆದು ಕೊಡ್ತೀನಿ, ಅಷ್ಟೇ. ಇವನು ಬರೆದ ಹಡಗುಗಳು ಊರೂರು ಸುತ್ತಾಡ್ತವೆ, ನಾನು ಕೂತಲ್ಲೇ ಗುಂಡುಕಲ್ಲು ಸುತ್ತಿಸ್ತೀನಿ."

ಅವನಂತೆ ಹಾಯಿ ಬರೆಯುವವರು ಬೇರೆ ಇರಲಿಲ್ಲ. ಗಾಳಿ ತುಂಬಿ ಉಬ್ಬಿದ ಆ ಬಿಳಿ ಹಾಯಿಗಳ ಮುಂದೆ ನಿಂತವರು, ಮುಖಕ್ಕೆ ಉಪ್ಪುನೀರು ಸಿಡಿದಂತಾಯಿತು ಎನ್ನುತ್ತಿದ್ದರು. ಅಂಗಡಿಯ ಬಿಳಿ ಅವನಿಗೆ ಹಿಡಿಸುತ್ತಿರಲಿಲ್ಲ. ಅಕ್ಕನೇ ಹಿಂದಿನ ಕೋಣೆಯಲ್ಲಿ ಕುಳಿತು, ಸೀಸದ ಬಿಳಿ ಪುಡಿಗೆ ಅಗಸೆ ಎಣ್ಣೆ ಬೆರೆಸಿ, ಬೆಣ್ಣೆಯಂತಾಗುವ ತನಕ ಅರೆಯಬೇಕಿತ್ತು.

ಡಾಕ್ಟರು ಆ ಕೋಣೆಯನ್ನೂ ನೋಡಿದರು. ಗೋಡೆ, ಕಪಾಟು, ಅವಳು ಮಲಗುವ ಹಾಸಿಗೆ, ಎಲ್ಲದರ ಮೇಲೂ ಬಿಳಿ ಧೂಳು.

"ಇದು ವಿಷ ಕಣ್ರೀ. ಕಿಟಕಿಯನ್ನಾದ್ರೂ ತೆಗೆದಿಡಬಾರದಿತ್ತಾ?"

"ಗಾಳಿಗೆ ಪುಡಿ ಹಾರಿ ಹಾಳಾಗತ್ತೆ ಅಂತ..." ತಮ್ಮ ಕಿಟಕಿಯ ಅಗುಳಿಯ ಮೇಲೆ ಕೈಯಿಟ್ಟ. "ನಾನೇ ಮುಚ್ಚಿಸಿದ್ದೆ."

"ಇನ್ನು ಆಕೆ ಅದನ್ನ ಮುಟ್ಟೋದು ಬೇಡ. ಆದ್ರೆ ಎರಡೂ ಕೈ ಸೋತಿವೆ, ಮತ್ತೆ ಶಕ್ತಿ ಬರತ್ತೆ ಅಂತ ನಾನು ಹೇಳಲಾರೆ."

ಅಂದೇ ಅವನು ಕಿಟಕಿಯ ಬಾಗಿಲುಗಳನ್ನು ಕಿತ್ತು ತೆಗೆದ. ಕೋಣೆಯನ್ನು ತಾನೇ ಒರೆಸಿದ, ತೊಳೆದ, ಮತ್ತೆ ಒರೆಸಿದ. ಅಕ್ಕನಿಗೆ ಊಟ ಮಾಡಿಸುವುದನ್ನು ಕಲಿತ. ಮೊದಮೊದಲು ಅನ್ನವೆಲ್ಲ ಅವಳ ಮಡಿಲಿಗೇ ಬೀಳುತ್ತಿತ್ತು. ಹೊಸ ಚಿತ್ರ ಹೇಳಿಟ್ಟಿದ್ದ ವ್ಯಾಪಾರಿ ಬಂದು, ಅರ್ಧ ಮುಗಿದದ್ದನ್ನು ನೋಡಿ, "ಹಾಯಿ ಬಿಚ್ಚದ ಹಡಗು ಯಾರಿಗ್ರೀ ಬೇಕು?" ಎಂದು ಹೊರಟುಹೋದ. ಅವನು ತಡೆಯಲಿಲ್ಲ.

ಚಿತ್ರ ಮುಗಿದ ದಿನ ಅಕ್ಕನನ್ನು ಕರೆತಂದು ಎದುರಿಗೆ ಕೂರಿಸಿದ. ಬರೀ ಕಂದು, ಕಪ್ಪು. ಮರ, ಟಾರು, ಹಗ್ಗ.

"ಹಾಯಿ ಎಲ್ಲೋ?"

"ಸುತ್ತಿ ಕಟ್ಟಿಟ್ಟಿದ್ದಾರೆ ಅಕ್ಕ. ಹಡಗು ದಡ ಸೇರಿದೆ."

ಅವಳು ಬಹಳ ಹೊತ್ತು ನೋಡಿದಳು. ಮೂಗು ತುರಿಸಿತೇನೋ, ಕೈ ಎತ್ತಲಾಗದೆ ಮುಖವನ್ನೇ ಭುಜಕ್ಕೆ ಉಜ್ಜಿಕೊಂಡಳು.

"ಚೆನ್ನಾಗಿದೆ ಕಣೋ" ಎಂದಳು. "ಸ್ವಲ್ಪ ಮುಂಚೆನೇ ದಡ ಸೇರಿಸಬಹುದಿತ್ತು."