ಹಾಡಬಾರದ ಸಾಲಿನ ಕೂಸು

ನಮ್ಮ ಓಣಿಯ ಬಲಸಾಲಿನ ಮನೆಗಳಲ್ಲಿ ಜೋಗುಳ ಹಾಡಬೇಕು, ಎಡಸಾಲಿನಲ್ಲಿ ಹಾಡಬಾರದು. ಮಕ್ಕಳು ಹೇಗೆ ಬೆಳೆಯುತ್ತಾರೆಂದು ನೋಡುವ ಸರ್ವೆಯವರು ನನ್ನ ಅತ್ತೆಯ ಕಾಲದಲ್ಲೇ ಹೀಗೆ ಹಂಚಿದರು. ತಪ್ಪಿದರೆ, ಅವರು ಮನೆಮನೆಯ ಗೋಡೆಗೆ ಹಾಕಿದ ಕದ್ದು ಕೇಳುವ ಡಬ್ಬಿಗೆ ಕೇಳಿಸುತ್ತದೆ, ಕೂಸನ್ನೇ ಒಯ್ಯುತ್ತಾರೆ.

ಮಧ್ಯಾಹ್ನದಿಂದ ಎಡಸಾಲಿನ ನೀಲವ್ವನ ಕೂಸು ಒಂದೇ ಸಮನೆ ಅಳುತ್ತಿತ್ತು. ಎದುರು ಬಲಸಾಲಿನ ಮನೆಯಲ್ಲಿ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಕೊನೆಗೆ ಅವಳೇ ಓಣಿಗಿಳಿದು ಬಂದಳು.

“ಆಯಿ, ನಿಮ್ಮ ಮೊಮ್ಮಗಳಿಗೆ ಹಾಡ್ರಿ. ಸ್ವಲ್ಪ ದೊಡ್ಡ ದನೀಲೆ.”

“ಅದು ಅವ್ವನ ಜೋಡಿ ತವರಿಗೆ ಹೋಗೈತಲ್ಲವಾ!”

“ಡಬ್ಬಿಗೆ ಕಿವಿ ಅಷ್ಟ ಅದಾವ್ರಿ, ಕಣ್ಣಿಲ್ಲ. ತೊಟ್ಟಿಲಾ ತೂಗ್ರಿ, ಸಾಕು.”

ಖಾಲಿ ತೊಟ್ಟಿಲು ತೂಗಿದರೆ ಮನೆಯ ಕೂಸಿಗೆ ಕೇಡು. ಕೈ ಮುಂದಾಗಲಿಲ್ಲ. ಹೆಸರಿಡುವ ದಿನ ಮಾಡುವಂತೆ ಗುಂಡುಕಲ್ಲನ್ನು ತೊಟ್ಟಿಲಲ್ಲಿ ಮಲಗಿಸಿ, ಬಾಗಿಲು ತೆರೆದು ಹಾಡಿದೆ.

ಎದುರಿನ ಅಳು ಇಳಿಯಿತು. ಅದೇ ಎಡಸಾಲಿನಲ್ಲಿ ಹುಟ್ಟಿ ತಾನೂ ಜೋಗುಳವಿಲ್ಲದೆ ಬೆಳೆದ ನೀಲವ್ವ ಹೊಸ್ತಿಲಲ್ಲಿ ಕೂಸನ್ನು ಅಪ್ಪಿಕೊಂಡು, ನನ್ನ ಹಾಡಿಗೆ ದನಿಯಿಲ್ಲದೆ ತುಟಿ ಆಡಿಸುತ್ತಿದ್ದಳು.