ಬೀದಿಗೆಲ್ಲ ಕೇಳುವಂತೆ

ಬೀದಿಯ ಎಲ್ಲ ಮನೆಗಳ ಮೇಲೂ ಟಿವಿ ಆಂಟೆನಾ ಎದ್ದಿತ್ತು. ವಿಶಾಲಾಕ್ಷಮ್ಮನ ಮನೆಯ ಮೇಲೆ ಮಾತ್ರ ಕಾಗೆ ಕೂರಲೂ ಒಂದು ಕಡ್ಡಿಯಿರಲಿಲ್ಲ. ಮುಂದಿನ ವಾರ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಟಿವಿ ಕೊಳ್ಳುವ ಶಕ್ತಿ ಇಲ್ಲದ್ದರಿಂದ ಗಂಡ ಹೆಂಡತಿ ಬರೀ ಆಂಟೆನಾ ಕೊಂಡು ತಂದರು.

ಭಾನುವಾರ ಬೆಳಿಗ್ಗೆ ಗಂಡ ತಾರಸಿ ಹತ್ತಿ ಕಂಬ ನಿಲ್ಲಿಸಿದರು. ಕೇಬಲ್ಲನ್ನು ಗೋಡೆಗುಂಟ ಇಳಿಸಿ, ಕಿಟಕಿಯಿಂದ ಒಳಗೆ ತಂದು, ತುದಿಯನ್ನು ಅಕ್ಕಿ ಡಬ್ಬದ ಹಿಂದೆ ಬಿಟ್ಟರು. ಆಮೇಲೆ ಮತ್ತೆ ಮೇಲೆ ಹೋಗಿ ಆಂಟೆನಾ ತಿರುಗಿಸತೊಡಗಿದರು.

"ಬಂತೇನೇ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದರು.

"ಇಲ್ಲ ರೀ, ಬರೀ ಚುಕ್ಕಿ!" ವಿಶಾಲಾಕ್ಷಮ್ಮ ಅಕ್ಕಿ ಡಬ್ಬವನ್ನೇ ನೋಡುತ್ತಾ ಕಿಟಕಿಯಿಂದ ಕೂಗಿದರು. "ಇನ್ನೂ ಸ್ವಲ್ಪ ಎಡಕ್ಕೆ... ಹಾಂ, ಬಂತು! ಕನ್ನಡಿ ಥರ ಕಾಣ್ತಿದೆ!"

ಸಂಜೆ ಟಿವಿಯಲ್ಲಿ ಸಿನಿಮಾ ಶುರುವಾಗುವ ಹೊತ್ತಿಗೆ ಯಾರೋ ಬಾಗಿಲು ಬಡಿದರು. ತೆಗೆದರೆ ಇಡೀ ಬೀದಿಯವರು ಚಾಪೆ ಹಿಡಿದು ನಿಂತಿದ್ದರು.

"ನಿಮ್ಮ ಟಿವಿಗೇನಾಯ್ತು?" ಎಂದು ವಿಶಾಲಾಕ್ಷಮ್ಮ ಎದುರುಮನೆಯಾಕೆಯನ್ನು ಕೇಳಿದರು.

"ನಮ್ಮದು ಆಂಟೆನಾ ಮಾತ್ರ ಕಣ್ರೀ," ಎಂದರು ಆಕೆ ಚಪ್ಪಲಿ ಬಿಡುತ್ತಾ. "ಇವರೆಲ್ಲರದ್ದೂ ಅಷ್ಟೇ. ಅಂತೂ ಬೀದಿಗೊಂದು ಟಿವಿ ಬಂತಲ್ಲ."